ಇರಿಸುವುದು ಮತ್ತು ಉಳಿಸುವುದು: ಯುನಿಕ್ಸ್ ಸರ್ವರಿನ ಸಂಗ್ರಹವ್ಯವಸ್ಥೆ ಹಾಗೂ ವಿಜಯಪುರ ಪರಿಸರದ ಕನ್ನಡ ಪಠ್ಯಗಳು

1. ಪ್ರವೇಶ

ಪಠ್ಯಸಂಗ್ರಹದ ವಿಷಯದಲ್ಲಿ ವಿಜಯಪುರ ನಗರವು ಎರಡು ಭಿನ್ನ ಅನುಭವಗಳನ್ನು ಕಂಡಿದೆ. ಅಸರ್ ಮಹಲಿನಲ್ಲಿ ಉಳಿದುಬಂದಿದ್ದ ಆದಿಲ್‌ಶಾಹಿ ಕಾಲದ ಹಸ್ತಪ್ರತಿಗಳ ಸಂಗ್ರಹವು 1853ರಲ್ಲಿ ಲಂಡನ್ನಿಗೆ ಸಾಗಿತು. ಇಂದು ಅದು ಬ್ರಿಟಿಷ್ ಲೈಬ್ರರಿಯ ಭಾಗವಾಗಿದೆ. ಪ್ರತಿಗಳು ನಾಶವಾಗಲಿಲ್ಲವೆಂಬುದು ನಿಜ. ಆದರೆ ಅವು ಹುಟ್ಟಿ ಬಳಕೆಗೊಂಡ ಊರಿನ ಅಭ್ಯಾಸಿಗೆ ಅವು ಕೈಗೆಟುಕದ ವಸ್ತುಗಳಾದವು. ಎರಡನೆಯದು ಫ.ಗು. ಹಳಕಟ್ಟಿ (1880-1964) ಅವರ ಅನುಭವ. ಓಲೆಗರಿಗಳಲ್ಲಿ ಚದುರಿಹೋಗಿದ್ದ ವಚನಗಳನ್ನು ಕಲೆಹಾಕಿ 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಅವರು ಹೊರತಂದರು, 1925ರಲ್ಲಿ ಮನೆಯನ್ನು ಮಾರಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಒಂದು ಮನೆಯ ಜಂತಿಯಲ್ಲಿದ್ದ ಕಟ್ಟು ನೂರಾರು ಮುದ್ರಿತ ಪ್ರತಿಗಳಾಗಿ ನಾಡಿನಲ್ಲೆಲ್ಲ ಹರಡಿತು. ಮೊದಲನೆಯ ಅನುಭವದಲ್ಲಿ ಪಠ್ಯವನ್ನು ಇರಿಸಲಾಗಿತ್ತು, ಎರಡನೆಯದರಲ್ಲಿ ಉಳಿಸಲಾಯಿತು.

ಈಗ ಹಸ್ತಪ್ರತಿಗಳೂ ಹಳೆಯ ಮುದ್ರಿತ ಗ್ರಂಥಗಳೂ ಬಿಂಬಗ್ರಹಣಗೊಂಡು ಗಣಕಯಂತ್ರಗಳನ್ನು ಸೇರುತ್ತಿವೆ. ‘ಸರ್ವರಿನಲ್ಲಿ ಹಾಕಲಾಗಿದೆ’ ಎಂಬ ಮಾತು ‘ಸುರಕ್ಷಿತವಾಗಿದೆ’ ಎಂಬ ಅರ್ಥದಲ್ಲಿ ಕನ್ನಡ ವಿಭಾಗಗಳಲ್ಲಿ ಬಳಕೆಯಾಗುತ್ತಿದೆ. ಈ ಎರಡು ಮಾತುಗಳು ಒಂದೇ ಅಲ್ಲವೆಂಬುದನ್ನು ಯುನಿಕ್ಸ್ ಸರ್ವರು ಸಂಗ್ರಹಸಾಧನಗಳನ್ನು ನಿರ್ವಹಿಸುವ ಬಗೆಯಿಂದ ತೋರಿಸಿಕೊಡುವುದು ಪ್ರಸ್ತುತ ಲೇಖನದ ಉದ್ದೇಶ. ಗ್ರಂಥಸಂಪಾದನೆಯ ಪರಿಚಯವಿರುವ ಅಧ್ಯಾಪಕರಿಗೆ ಇಲ್ಲಿನ ಬಹುಪಾಲು ವಿಚಾರಗಳು ಹೊಸ ಹೆಸರಿನ ಹಳೆಯ ಸಮಸ್ಯೆಗಳಾಗಿ ಕಾಣುತ್ತವೆ.

2. ಸಾಧನವೂ ಒಂದು ಕಡತ

ಯುನಿಕ್ಸ್ 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಅವರ ಪ್ರಯತ್ನದಿಂದ ರೂಪುಗೊಂಡ ಕಾರ್ಯಾಚರಣ ವ್ಯವಸ್ಥೆ. 1991ರಲ್ಲಿ ಆರಂಭವಾದ ಲಿನಕ್ಸ್ ಕೂಡ ಇದೇ ಪರಂಪರೆಗೆ ಸೇರುತ್ತದೆ. ಇಂದು ಹೆಚ್ಚಿನ ಸರ್ವರುಗಳು ನಡೆಯುವುದು ಅದರಲ್ಲಿಯೇ. ಈ ಪರಂಪರೆಯ ಮೂಲ ಕಲ್ಪನೆ ಸರಳವಾದದ್ದು: ಬರಹದ ಕಡತವನ್ನು ಓದುವ, ಬರೆಯುವ ಕ್ರಮದಲ್ಲಿಯೇ ಯಂತ್ರಕ್ಕೆ ಜೋಡಿಸಿದ ಸಾಧನಗಳನ್ನೂ ಓದಬಹುದು, ಬರೆಯಬಹುದು. ಹಾರ್ಡ್ ಡಿಸ್ಕ್, ಟೇಪು, ಕೀಲಿಮಣೆ ಮೊದಲಾದವು ‘ಡೆವ್’ ಎಂಬ ಕಡತಕೋಶದಲ್ಲಿ ಒಂದೊಂದು ಹೆಸರಾಗಿ ಕಾಣಿಸಿಕೊಳ್ಳುತ್ತವೆ.

ಈ ಸಾಧನ-ಕಡತಗಳಲ್ಲಿ ಎರಡು ಬಗೆ. ಕೀಲಿಮಣೆಯಂತೆ ಅಕ್ಷರಗಳನ್ನು ಒಂದರ ಹಿಂದೊಂದು ಹರಿಯಬಿಡುವವು ಅಕ್ಷರಸಾಧನಗಳು; ಡಿಸ್ಕಿನಂತೆ ನಿಗದಿತ ಗಾತ್ರದ ತುಂಡುಗಳಲ್ಲಿ, ಬೇಕಾದ ಸ್ಥಳದಿಂದ ಓದಲು ಬರುವವು ಖಂಡಸಾಧನಗಳು. ‘ಡೆವ್’ ಕೋಶದಲ್ಲಿ ಕಾಣುವ ಹೆಸರಿನ ಹಿಂದೆ ಎರಡು ಸಂಖ್ಯೆಗಳಿರುತ್ತವೆ. ಯಾವ ಚಾಲಕ ತಂತ್ರಾಂಶವು ಆ ಸಾಧನವನ್ನು ನೋಡಿಕೊಳ್ಳಬೇಕು ಎಂಬುದನ್ನು ಮೊದಲನೆಯದೂ, ಆ ಚಾಲಕದ ಅಧೀನದಲ್ಲಿರುವ ಯಾವ ನಿರ್ದಿಷ್ಟ ಸಾಧನ ಎಂಬುದನ್ನು ಎರಡನೆಯದೂ ಸೂಚಿಸುತ್ತವೆ. ಹೆಸರು ಮನುಷ್ಯರ ಅನುಕೂಲಕ್ಕಾಗಿ ಇರುವಂಥದು. ವ್ಯವಸ್ಥೆಯು ನಂಬುವುದು ಸಂಖ್ಯೆಯನ್ನು.

3. ಹೆಸರು ಮತ್ತು ಒಡಲು

ಇದೇ ಭೇದ ಕಡತಗಳ ಮಟ್ಟದಲ್ಲಿಯೂ ಇದೆ. ಯುನಿಕ್ಸಿನಲ್ಲಿ ಕಡತದ ಹೆಸರು ಒಂದು ಕಡೆ, ಅದರ ವಿವರ ಇನ್ನೊಂದು ಕಡೆ ಇರುತ್ತವೆ. ಒಡೆಯರು ಯಾರು, ಗಾತ್ರವೆಷ್ಟು, ಡಿಸ್ಕಿನ ಯಾವ ಖಂಡಗಳಲ್ಲಿ ಬರಹವಿದೆ ಎಂಬ ವಿವರಗಳನ್ನು ‘ಐನೋಡ್’ ಎಂಬ ದಾಖಲೆ ಹೊಂದಿರುತ್ತದೆ. ಕಡತಕೋಶದಲ್ಲಿರುವುದು ಹೆಸರು ಮತ್ತು ಐನೋಡ್ ಸಂಖ್ಯೆ ಮಾತ್ರ. ಆದ್ದರಿಂದ ಒಂದೇ ಒಡಲಿಗೆ ಎರಡು ಹೆಸರುಗಳಿರಲು ಸಾಧ್ಯ. ಎರಡು ಹೆಸರು ಕಂಡ ಮಾತ್ರಕ್ಕೆ ಎರಡು ಪ್ರತಿಗಳಿವೆ ಎಂದು ತಿಳಿಯುವಂತಿಲ್ಲ.

ಅಕಸ್ಮಾತ್ ವಿದ್ಯುತ್ ನಿಂತು ಕಡತವ್ಯವಸ್ಥೆ ಕೆಟ್ಟಾಗ ‘ಎಫ್‌ಎಸ್‌ಸಿಕೆ’ ಎಂಬ ಆದೇಶವು ಅದನ್ನು ಪರಿಶೀಲಿಸಿ ದುರಸ್ತಿಪಡಿಸುತ್ತದೆ. ಸಾಧನವನ್ನು ಬಳಕೆಯಿಂದ ಬಿಡಿಸಿದ ಮೇಲೆಯೇ ಈ ಕೆಲಸ ಮಾಡಬೇಕು. ಒಡಲು ಉಳಿದು ಹೆಸರು ಕಳೆದುಹೋದ ಕಡತಗಳನ್ನು ಅದು ‘ಲಾಸ್ಟ್ ಅಂಡ್ ಫೌಂಡ್’ ಎಂಬ ಕೋಶದಲ್ಲಿ, ಬರಿಯ ಐನೋಡ್ ಸಂಖ್ಯೆಯೊಂದಿಗೆ ತಂದಿರಿಸುತ್ತದೆ. ದಾರ ಹರಿದು, ಮೊದಲ ಗರಿಯೂ ಕೊನೆಯ ಗರಿಯೂ ಇಲ್ಲದೆ ದೊರೆತ ಓಲೆಯ ಕಟ್ಟನ್ನು ಕಂಡವರಿಗೆ ಈ ಕೋಶದ ಸ್ಥಿತಿಯನ್ನು ವಿವರಿಸಬೇಕಾಗಿಲ್ಲ. ಯಂತ್ರವು ಕಟ್ಟನ್ನು ಸರಿಪಡಿಸಬಲ್ಲದು. ಅದರಲ್ಲಿರುವ ಪಠ್ಯ ಯಾವುದೆಂದು ಹೇಳಲಾರದು.

ಡಿಸ್ಕುಗಳ ಹೆಸರಿನಲ್ಲಿಯೂ ಇಂಥದೇ ತೊಡಕಿದೆ. ಲಿನಕ್ಸಿನಲ್ಲಿ ಡಿಸ್ಕುಗಳು ಎಸ್‌ಡಿಎ, ಎಸ್‌ಡಿಬಿ ಎಂಬ ಕ್ರಮದಲ್ಲಿ ಹೆಸರು ಪಡೆಯುತ್ತವೆ. ಯಂತ್ರವನ್ನು ಮತ್ತೆ ಚಾಲೂ ಮಾಡಿದಾಗ ಅಥವಾ ಹೊಸ ಡಿಸ್ಕ್ ಸೇರಿಸಿದಾಗ ಈ ಕ್ರಮ ಬದಲಾಗಬಹುದು. ಆದ್ದರಿಂದ ಪ್ರತಿ ಕಡತವ್ಯವಸ್ಥೆಯ ರಚನೆಯ ಸಮಯದಲ್ಲಿ ದೊರೆಯುವ ‘ಯುಯುಐಡಿ’ ಎಂಬ ಅನನ್ಯ ಗುರುತನ್ನೇ ‘ಎಫ್‌ಎಸ್‌ಟ್ಯಾಬ್’ ಪಟ್ಟಿಯಲ್ಲಿ ನಮೂದಿಸುವುದು ಸರಿಯಾದ ಕ್ರಮ. ‘ಮೇಲಿನ ಕಪಾಟಿನ ಎರಡನೆಯ ಕಟ್ಟು’ ಎನ್ನುವುದಕ್ಕೂ ‘ಹಸ್ತಪ್ರತಿ ಕ್ರಮಾಂಕ’ ಎನ್ನುವುದಕ್ಕೂ ಇರುವ ಅಂತರ ಇದೇ ಆಗಿದೆ.

ಕನ್ನಡದಲ್ಲಿ ಹೆಸರಿಡುವಾಗ ಗಮನಿಸಬೇಕಾದ ಇನ್ನೆರಡು ಅಂಶಗಳಿವೆ. ಯುಟಿಎಫ್-8 ಸಂಕೇತದಲ್ಲಿ ಕನ್ನಡದ ಪ್ರತಿ ಸಂಕೇತಬಿಂದುವಿಗೆ 3 ಬೈಟುಗಳು ಬೇಕು. ‘ವಚನ’ ಎಂಬ ಪದಕ್ಕೆ 9 ಬೈಟುಗಳು, ಒಂದು ‘ಕ್ಷ’ಕ್ಕೂ 9 ಬೈಟುಗಳು. ಲಿನಕ್ಸಿನ ಸಾಮಾನ್ಯ ಕಡತವ್ಯವಸ್ಥೆಗಳಲ್ಲಿ ಹೆಸರಿನ ಮಿತಿ 255 ಬೈಟು. ಅಂದರೆ ಕನ್ನಡದ ಹೆಸರು 85 ಸಂಕೇತಬಿಂದುಗಳನ್ನು ಮೀರುವಂತಿಲ್ಲ. ಇನ್ನು ‘ಕೋಶ’ದ ‘ಕೋ’ ಅಕ್ಷರವನ್ನು ಯುನಿಕೋಡಿನಲ್ಲಿ ಒಂದೇ ಸ್ವರಚಿಹ್ನೆಯಿಂದಲೂ, ಹ್ರಸ್ವಚಿಹ್ನೆಗೆ ದೀರ್ಘವನ್ನು ಬೇರೆಯಾಗಿ ಸೇರಿಸಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ. ಈ ವ್ಯವಸ್ಥೆಗಳು ಸಾಮಾನ್ಯವಾಗಿ ಹೆಸರನ್ನು ಬೈಟುಗಳ ಸಾಲಾಗಿ ಮಾತ್ರ ನೋಡುವುದರಿಂದ ಅವು ಎರಡು ಬೇರೆ ಕಡತಗಳಾಗುತ್ತವೆ. ಕಣ್ಣಿಗೆ ಕಾಣದ ಈ ಪಾಠಾಂತರದಿಂದ ‘ಕಡತ ಇಲ್ಲ’ ಎಂಬ ಉತ್ತರ ಬಂದರೆ ಆಶ್ಚರ್ಯವಿಲ್ಲ.

4. ಮೌಂಟ್: ಜೋಡಣೆಯ ಸಮಸ್ಯೆ

ಯುನಿಕ್ಸಿನಲ್ಲಿ ಕಡತಗಳೆಲ್ಲ ಒಂದೇ ಮರದ ರೂಪದಲ್ಲಿರುತ್ತವೆ. ಹೊಸ ಡಿಸ್ಕನ್ನು ಯಂತ್ರಕ್ಕೆ ಸೇರಿಸಿದರೆ ಅದು ತಾನಾಗಿ ಬೇರೊಂದು ಮರವಾಗುವುದಿಲ್ಲ. ಇರುವ ಮರದ ಒಂದು ಕೊಂಬೆಗೆ, ಅಂದರೆ ಒಂದು ಕಡತಕೋಶಕ್ಕೆ, ಅದನ್ನು ಕಸಿಮಾಡಬೇಕಾಗುತ್ತದೆ. ಈ ಕ್ರಿಯೆಗೆ ‘ಮೌಂಟ್’ ಎಂದು ಹೆಸರು. ಅದಾದ ಮೇಲೆ ಬಳಕೆದಾರನಿಗೆ ಕೋಶವು ಕಾಣುತ್ತದೆಯೇ ಹೊರತು ಅದರ ಹಿಂದಿರುವ ಸಾಧನ ಕಾಣುವುದಿಲ್ಲ. ಇದು ಯುನಿಕ್ಸಿನ ಸೊಗಸು. ಅಪಾಯವೂ ಇಲ್ಲಿಯೇ ಇದೆ.

ಒಂದು ಕನ್ನಡ ವಿಭಾಗವು ‘ಪ್ರತಿ’ ಎಂಬ ಕೋಶಕ್ಕೆ ಎರಡನೆಯ ಡಿಸ್ಕನ್ನು ಜೋಡಿಸಿ, ಪ್ರತಿರಾತ್ರಿ ಹಸ್ತಪ್ರತಿಗಳ ಬಿಂಬಗಳು ಅಲ್ಲಿಗೆ ನಕಲಾಗುವಂತೆ ಏರ್ಪಾಡು ಮಾಡಿದೆಯೆಂದು ಭಾವಿಸೋಣ. ಒಂದು ದಿನ ಡಿಸ್ಕಿನ ತಂತಿ ಸಡಿಲಗೊಂಡು ಜೋಡಣೆ ಆಗಲಿಲ್ಲ. ‘ಪ್ರತಿ’ ಎಂಬ ಬರಿದಾದ ಕೋಶ ಮಾತ್ರ ಮೊದಲನೆಯ ಡಿಸ್ಕಿನಲ್ಲಿ ಉಳಿದಿರುತ್ತದೆ. ನಕಲಿನ ಕೆಲಸ ಯಾವ ದೂರನ್ನೂ ಹೇಳದೆ ಆ ಕೋಶಕ್ಕೇ ಬರೆಯುತ್ತ ಹೋಗುತ್ತದೆ. ಮೂಲವೂ ನಕಲೂ ಒಂದೇ ಡಿಸ್ಕಿನಲ್ಲಿ ಸೇರುತ್ತವೆ. ಆ ಡಿಸ್ಕ್ ಕೆಟ್ಟ ದಿನ ಎರಡೂ ಇಲ್ಲವಾಗುತ್ತವೆ. ಡಿಸ್ಕನ್ನು ಮರಳಿ ಜೋಡಿಸಿದರೆ ನಡುವಿನ ದಿನಗಳ ನಕಲುಗಳು ಅದರ ಅಡಿಯಲ್ಲಿ ಮರೆಯಾಗಿ, ಜಾಗವನ್ನು ಮಾತ್ರ ತುಂಬಿಕೊಂಡಿರುತ್ತವೆ. ನಕಲಿಗೆ ಮುನ್ನ ಜೋಡಣೆ ಇದೆಯೇ ಎಂದು ಪರೀಕ್ಷಿಸುವ ಒಂದು ಸಾಲಿನ ಆದೇಶದಿಂದ ಈ ಅನಾಹುತವನ್ನು ತಪ್ಪಿಸಬಹುದು.

ಜೋಡಣೆಯಷ್ಟೇ ಬಿಡಿಸುವಿಕೆಯೂ ಮುಖ್ಯ. ಬರೆದ ಬರಹವನ್ನು ವ್ಯವಸ್ಥೆಯು ಸ್ವಲ್ಪ ಕಾಲ ಸ್ಮೃತಿಯಲ್ಲಿಟ್ಟುಕೊಂಡು ಅನಂತರ ಡಿಸ್ಕಿಗೆ ಇಳಿಸುತ್ತದೆ. ‘ಅನ್‌ಮೌಂಟ್’ ಮಾಡದೆ ಡಿಸ್ಕನ್ನು ಕಿತ್ತರೆ ಇನ್ನೂ ಇಳಿಯದ ಭಾಗ ನಷ್ಟವಾಗುತ್ತದೆ.

5. ಅಳತೆಯ ಲೆಕ್ಕ

ಎ4 ಗಾತ್ರದ ಒಂದು ಪುಟವನ್ನು ಅಂಗುಲಕ್ಕೆ 300 ಚುಕ್ಕೆಗಳಂತೆ, ಪೂರ್ಣ ಬಣ್ಣದಲ್ಲಿ, ಸಂಕೋಚನವಿಲ್ಲದೆ ಬಿಂಬಗ್ರಹಣ ಮಾಡಿದರೆ ಸುಮಾರು 26 ಮೆಗಾಬೈಟು ಬೇಕು. ಸಾವಿರ ಪುಟಗಳಿಗೆ 26 ಗಿಗಾಬೈಟು. ಅದೇ ಪುಟದ 1500 ಸಂಕೇತಬಿಂದುಗಳನ್ನು ಪಠ್ಯವಾಗಿ ಬೆರಳಚ್ಚು ಮಾಡಿದರೆ ನಾಲ್ಕೂವರೆ ಕಿಲೋಬೈಟು ಸಾಕು. ಬಿಂಬವು ಸಾಕ್ಷಿ, ಪಠ್ಯವು ಓದು. ಎರಡನ್ನೂ ಉಳಿಸಬೇಕಾದರೂ ಅವುಗಳ ಅಗತ್ಯಗಳು ಬೇರೆಯಾಗಿವೆ.

ಪ್ರತಿ ವಚನವನ್ನು ಒಂದೊಂದು ಕಡತವಾಗಿ ಇಡುವ ಯೋಜನೆಯನ್ನೂ ಇಲ್ಲಿ ಪರಿಶೀಲಿಸಬಹುದು. ಖಂಡದ ಸಾಮಾನ್ಯ ಗಾತ್ರ 4096 ಬೈಟು. 1200 ಬೈಟಿನ ವಚನವೂ ಒಂದು ಪೂರ್ಣ ಖಂಡವನ್ನು ಹಿಡಿಯುತ್ತದೆ. 20,000 ವಚನಗಳ ಪಠ್ಯ 24 ಮೆಗಾಬೈಟಾದರೆ ಅದು ಆಕ್ರಮಿಸುವ ಸ್ಥಳ ಸುಮಾರು 82 ಮೆಗಾಬೈಟು. ಜೊತೆಗೆ 20,000 ಐನೋಡುಗಳು. ಕೆಲವು ಕಡತವ್ಯವಸ್ಥೆಗಳಲ್ಲಿ ಐನೋಡುಗಳ ಸಂಖ್ಯೆ ಆರಂಭದಲ್ಲಿಯೇ ನಿಗದಿಯಾಗುವುದರಿಂದ, ಸ್ಥಳವಿದ್ದರೂ ಹೊಸ ಕಡತ ಹುಟ್ಟದ ಸ್ಥಿತಿ ಬರಬಹುದು. ಉಳಿದ ಸ್ಥಳವನ್ನು ‘ಡಿಎಫ್’, ಕೋಶವೊಂದು ಬಳಸಿದ ಸ್ಥಳವನ್ನು ‘ಡಿಯು’ ಆದೇಶ ತಿಳಿಸುತ್ತವೆ. ಐನೋಡುಗಳ ಲೆಕ್ಕವನ್ನು ‘ಡಿಎಫ್’ಗೆ ಪ್ರತ್ಯೇಕವಾಗಿ ಕೇಳಬೇಕು.

6. ಪ್ರತಿಬಿಂಬವು ಪ್ರತಿಯಲ್ಲ

ಹಲವು ಡಿಸ್ಕುಗಳನ್ನು ಒಂದಾಗಿ ಬಳಸುವ ‘ರೇಡ್’ ಪದ್ಧತಿಯನ್ನು ಪ್ಯಾಟರ್ಸನ್, ಗಿಬ್ಸನ್ ಮತ್ತು ಕಾಟ್ಜ್ ಅವರು 1988ರ ತಮ್ಮ ಪ್ರಬಂಧದಲ್ಲಿ ನಿರೂಪಿಸಿದರು. ಇದರ ಒಂದು ಬಗೆಯಲ್ಲಿ ಎರಡು ಡಿಸ್ಕುಗಳಿಗೆ ಒಂದೇ ಬರಹ ಏಕಕಾಲದಲ್ಲಿ ಹೋಗುತ್ತದೆ. ಒಂದು ಕೆಟ್ಟರೂ ಕೆಲಸ ನಿಲ್ಲುವುದಿಲ್ಲ. ಆದರೆ ಇದನ್ನು ಪ್ರತಿಯೆಂದು ಭಾವಿಸುವುದು ತಪ್ಪಾಗುತ್ತದೆ. ಕಡತವೊಂದನ್ನು ತಪ್ಪಾಗಿ ಅಳಿಸಿದರೆ ಅದು ಎರಡೂ ಡಿಸ್ಕುಗಳಿಂದ ಅದೇ ಕ್ಷಣ ಅಳಿಯುತ್ತದೆ. ಕನ್ನಡಿಯ ಎದುರಿನ ದೀಪ ಆರಿದರೆ ಕನ್ನಡಿಯೊಳಗಿನ ದೀಪವೂ ಆರುತ್ತದೆ. ರೇಡ್ ಕಾಪಾಡುವುದು ಯಂತ್ರದ ನಿರಂತರತೆಯನ್ನು; ಪಠ್ಯದ ಇತಿಹಾಸವನ್ನಲ್ಲ. ದಿನಾಂಕ ಸಹಿತವಾಗಿ, ಬೇರೆ ಸಾಧನದಲ್ಲಿ, ಹಿಂದಿನ ಸ್ಥಿತಿಯನ್ನು ಕಾಯ್ದಿಟ್ಟಿದ್ದೇ ನಿಜವಾದ ಪ್ರತಿ.

ಪ್ರತಿ ಇದ್ದ ಮಾತ್ರಕ್ಕೆ ಅದು ಶುದ್ಧಪ್ರತಿ ಎನ್ನುವಂತಿಲ್ಲ. ಡಿಸ್ಕಿನಲ್ಲಿ ಸದ್ದಿಲ್ಲದೆ ಬೈಟುಗಳು ಬದಲಾಗುವ ಸಂದರ್ಭಗಳಿವೆ. ಇದನ್ನು ಪತ್ತೆಹಚ್ಚಲು ‘ಎಸ್‌ಎಚ್‌ಎ-256’ರಂಥ ಗಣಿತಕ್ರಮದಿಂದ ಪ್ರತಿ ಕಡತಕ್ಕೂ 64 ಚಿಹ್ನೆಗಳ ಮುದ್ರೆಯೊಂದನ್ನು ಪಡೆದು ಪಟ್ಟಿಮಾಡಿಡಬೇಕು. ಒಂದು ಬೈಟು ಬದಲಾದರೂ ಮುದ್ರೆ ಬೇರೆಯಾಗುತ್ತದೆ. ಆದರೆ ಮುದ್ರೆಯು ಪಾಠ ಕೆಟ್ಟಿದೆಯೆಂದು ಮಾತ್ರ ಹೇಳುತ್ತದೆ. ಸರಿಯಾದ ಪಾಠವನ್ನು ಕೊಡಲಾರದು. ಅದಕ್ಕೆ ಇನ್ನೊಂದು ಪ್ರತಿಯೇ ಬೇಕು. ಹಲವು ಪ್ರತಿಗಳನ್ನು ಹೋಲಿಸಿ ಪಾಠನಿರ್ಣಯ ಮಾಡುವ ಸಂಪಾದಕನಿಗೆ ಈ ತತ್ತ್ವ ಅಪರಿಚಿತವಲ್ಲ.

7. ವಿಜಯಪುರ, ತಿಕೋಟಾ, ಬಬಲೇಶ್ವರ: ಒಂದು ಮಾದರಿ

ಮೂರು ಪ್ರತಿಗಳು, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಊರಿನಲ್ಲಿ ಎಂಬುದು ಗಣಕಕ್ಷೇತ್ರದಲ್ಲಿ ರೂಢಿಯಲ್ಲಿರುವ ಸೂತ್ರ. ಇದನ್ನು ವಿಜಯಪುರ ಪರಿಸರಕ್ಕೆ ಅನ್ವಯಿಸಬಹುದು. ಮೊದಲು ವಿಜಯಪುರ ತಾಲ್ಲೂಕಿನಲ್ಲಿದ್ದು ಅನಂತರ ಸ್ವತಂತ್ರ ತಾಲ್ಲೂಕುಗಳಾದ ತಿಕೋಟಾ, ಬಬಲೇಶ್ವರಗಳಲ್ಲಿ ಒಂದೊಂದು ಕಾಲೇಜು ಈ ಕೆಲಸದಲ್ಲಿ ನಗರದ ವಿಭಾಗದೊಂದಿಗೆ ಕೈಜೋಡಿಸಬಹುದು. ನಗರದ ಸರ್ವರಿನಲ್ಲಿ ಬಳಕೆಯ ಪ್ರತಿ ಇರಲಿ. ‘ಆರ್‌ಸಿಂಕ್’ ತಂತ್ರಾಂಶದ ಮೂಲಕ, ಬದಲಾದ ಭಾಗ ಮಾತ್ರ ರಾತ್ರಿಯ ವೇಳೆ ತಿಕೋಟಾದ ಯಂತ್ರಕ್ಕೆ ಹೋಗಲಿ. ಮೂಲದಲ್ಲಿ ಅಳಿದದ್ದನ್ನು ನಕಲಿನಲ್ಲಿಯೂ ಅಳಿಸುವ ಆಯ್ಕೆಯನ್ನು ಇಲ್ಲಿ ಬಳಸಬಾರದು. ಬಬಲೇಶ್ವರದಲ್ಲಿ ತಿಂಗಳಿಗೊಮ್ಮೆ ಟೇಪಿಗೆ ಅಥವಾ ಬಿಡಿಸಿಡುವ ಡಿಸ್ಕಿಗೆ ನಕಲಾಗಿ, ಯಾವ ಜಾಲಕ್ಕೂ ಸೇರದೆ ಪೆಟ್ಟಿಗೆಯಲ್ಲಿ ಉಳಿಯುವ ಪ್ರತಿ ಇರಲಿ. ಒಂದು ತಪ್ಪು ಆದೇಶವಾಗಲಿ, ವೈರಸ್ಸಾಗಲಿ ತಲುಪಲಾರದ ಪ್ರತಿ ಅದೊಂದೇ.

ಈ ಮಾದರಿಗೆ ಒಂದು ಮಿತಿಯೂ ಇದೆ. ಮೂರೂ ಊರುಗಳು ಒಂದೇ ಜಿಲ್ಲೆಗೆ ಸೇರಿದವು. ಬೇಸಗೆಯ ತಾಪ, ದೂಳು, ವಿದ್ಯುತ್ತಿನ ಏರಿಳಿತ ಮೂರಕ್ಕೂ ಸಮಾನ. ಆದ್ದರಿಂದ ನಾಲ್ಕನೆಯ ಪ್ರತಿಯೊಂದು ಧಾರವಾಡ ಅಥವಾ ಬೆಂಗಳೂರಿನಂಥ ದೂರದ ಸ್ಥಳದಲ್ಲಿರುವುದು ಅಪೇಕ್ಷಣೀಯ. ಸರ್ವರಿಗೆ ಯುಪಿಎಸ್ ಇರುವುದರ ಜೊತೆಗೆ, ಅದರ ಬ್ಯಾಟರಿ ಮುಗಿಯುವ ಮುನ್ನ ಯಂತ್ರ ತಾನಾಗಿ ಕ್ರಮಬದ್ಧವಾಗಿ ನಿಲ್ಲುವ ಏರ್ಪಾಡೂ ಇರಬೇಕು. ಡಿಸ್ಕುಗಳು ತಮ್ಮ ಆರೋಗ್ಯದ ಬಗ್ಗೆ ನೀಡುವ ‘ಸ್ಮಾರ್ಟ್’ ವರದಿಯನ್ನು ತಿಂಗಳಿಗೊಮ್ಮೆಯಾದರೂ ಓದಬೇಕು.

ಇವುಗಳಲ್ಲಿ ಆದೇಶಗಳನ್ನು ನೀಡುವ ಕೆಲಸ ತಂತ್ರಜ್ಞರದು. ಆದರೆ ಯಾವ ಹಸ್ತಪ್ರತಿಯ ಬಿಂಬ ಯಾವ ಡಿಸ್ಕಿನಲ್ಲಿದೆ, ಅದರ ಗುರುತೇನು, ಮುದ್ರೆಯೇನು, ಕೊನೆಯ ಬಾರಿ ಪರೀಕ್ಷಿಸಿದ್ದು ಯಾವಾಗ ಎಂಬ ದಾಖಲೆಯನ್ನು ಕಾಗದದ ಮೇಲೆ ಕನ್ನಡ ವಿಭಾಗವೇ ಇಡಬೇಕು. ವರ್ಷಕ್ಕೆರಡು ಬಾರಿಯಾದರೂ ಒಂದು ಕೃತಿಯನ್ನು ಪ್ರತಿಯಿಂದ ಮರಳಿ ಪಡೆದು, ತೆರೆದು, ಓದಿ ನೋಡಬೇಕು. ಯಂತ್ರದ ಪಾಲಿಗೆ ಖಾಲಿ ಪುಟದ ಬಿಂಬವೂ ಬಸವಣ್ಣನವರ ವಚನದ ಬಿಂಬವೂ ಬೈಟುಗಳೇ ಆಗಿವೆ. ಅವುಗಳ ಭೇದವನ್ನು ಬಲ್ಲವರು ಕನ್ನಡ ಅಧ್ಯಾಪಕರು.

8. ಸಮಾರೋಪ

ಒಟ್ಟಿನಲ್ಲಿ, ಯುನಿಕ್ಸ್ ಸರ್ವರು ಸಾಧನವನ್ನು ಹೆಸರಿನ ಮರೆಯಲ್ಲಿಟ್ಟು ಬಳಕೆಯನ್ನು ಸುಲಭಗೊಳಿಸುತ್ತದೆ. ಬಳಕೆದಾರರು ಆ ಮರೆಯನ್ನು ದಾಟಿ ನೋಡದಿದ್ದರೆ, ಇದೆಯೆಂದು ನಂಬಿದ್ದು ಇಲ್ಲದಿರಬಹುದು. ಎರಡೆಂದು ಎಣಿಸಿದ್ದು ಒಂದೇ ಆಗಿರಬಹುದು. ಗುರುತಿಸುವುದು, ಜೋಡಿಸುವುದು, ಪರೀಕ್ಷಿಸುವುದು, ಹಂಚುವುದು ಎಂಬ ನಾಲ್ಕು ಕ್ರಿಯೆಗಳು ಕೂಡಿದಾಗ ಮಾತ್ರ ಇರಿಸಿದ್ದು ಉಳಿಯುತ್ತದೆ. ಹಳಕಟ್ಟಿಯವರು ಅಚ್ಚಿನ ಮೊಳೆಗಳಿಂದ ಮಾಡಿದ ಕೆಲಸವೂ ತತ್ತ್ವದಲ್ಲಿ ಇದಕ್ಕಿಂತ ಭಿನ್ನವಾದುದಲ್ಲ. ಅವರ ಊರಿನ ಪಠ್ಯಗಳು ಒಂದು ಡಿಸ್ಕಿನ ಆಯುಷ್ಯಕ್ಕೆ ಕಟ್ಟುಬೀಳದಂತೆ ನೋಡಿಕೊಳ್ಳುವುದು ಇಂದಿನ ಕನ್ನಡ ವಿಭಾಗಗಳ ಹೊಣೆಯಾಗಿದೆ.