ಸಗಣಿಯಲ್ಲೇ ಜಂತುಮರಿ ಹಿಡಿಯುವ ಶಿಲೀಂಧ್ರ

ಕಳೆದ ತಿಂಗಳು ಒಂದು ಮಹಿಳಾ ಸಂಘದ ಸಭೆಯಲ್ಲಿ ಜಂತುನಾಶಕದ ವಿಷಯ ಹೇಳುತ್ತಿದ್ದೆ. ಹಿರಿಯ ಸದಸ್ಯೆಯೊಬ್ಬರು ಎದ್ದು ನಿಂತು, "ಆಗಾಗ ಮಾತ್ರೆ ಹಾಕ್ತಾನೇ ಇದೀವಿ ಡಾಕ್ಟ್ರೇ, ಕರು ಮಾತ್ರ ಬಡವಾಗ್ತಾನೇ ಇದೆ. ಬೇರೆ ದಾರೀನೇ ಇಲ್ವಾ?" ಎಂದರು. ಒಂದು ದಾರಿ ಇದೆ, ಆದರೆ ಅದಿನ್ನೂ ನಮ್ಮ ಊರಿನ ಔಷಧಿ ಅಂಗಡಿವರೆಗೆ ಬಂದಿಲ್ಲ. ತಿಳಿದುಕೊಂಡರೆ ಇವತ್ತಿನ ಕೆಲಸಕ್ಕೂ ಉಪಯೋಗವಾಗುತ್ತದೆ ಎಂದು ಇಲ್ಲಿ ಬರೆಯುತ್ತಿದ್ದೇನೆ.

ರಾಸಿನ ಹೊಟ್ಟೆಯಲ್ಲಿರುವ ದುಂಡು ಜಂತುಗಳ ಮೊಟ್ಟೆ ಸಗಣಿಯಲ್ಲಿ ಹೊರಬರುತ್ತವೆ. ಮಳೆಗಾಲದ ಬೆಚ್ಚನೆಯ ತೇವದಲ್ಲಿ ಸುಮಾರು ಒಂದು ವಾರಕ್ಕೆ ಮೊಟ್ಟೆಯೊಡೆದು, ಬೆಳೆದು, ಸೋಂಕು ತರಬಲ್ಲ ಮರಿಗಳಾಗುತ್ತವೆ. ಇಬ್ಬನಿ ಬಿದ್ದ ಹುಲ್ಲಿನ ಮೇಲೆ ಹತ್ತಿ ಕುಳಿತು, ಮೇಯಲು ಬಂದ ಕರುವಿನ ಹೊಟ್ಟೆ ಸೇರುತ್ತವೆ. ಮಾತ್ರೆ ಕೆಲಸ ಮಾಡುವುದು ಹೊಟ್ಟೆಯೊಳಗೆ ಮಾತ್ರ. ಹುಲ್ಲಿನ ಮೇಲೆ ಕಾದು ಕುಳಿತ ಮರಿಗಳಿಗೆ ಅದರಿಂದ ಏನೂ ಆಗುವುದಿಲ್ಲ.

ಇಲ್ಲಿಯೇ ಶಿಲೀಂಧ್ರದ ಕೆಲಸ. ಮಣ್ಣಿನಲ್ಲಿ ಹುಳು ಹಿಡಿದು ತಿನ್ನುವ ಶಿಲೀಂಧ್ರಗಳಿವೆ ಎಂದು 1888ರಲ್ಲೇ ಜರ್ಮನಿಯ ಝೋಪ್ಫ್ ಎಂಬ ವಿಜ್ಞಾನಿ ಬರೆದಿದ್ದರು. ಪಶುಗಳಿಗೆ ಹೊಂದುವಂಥದ್ದು ಡಡಿಂಗ್ಟೋನಿಯಾ ಫ್ಲಾಗ್ರನ್ಸ್. ಹೆಸರು ನೆನಪಿಡಬೇಕಾಗಿಲ್ಲ, ಗುಣ ನೆನಪಿಡಿ. ಇದರ ಬೀಜಕಣಗಳ ಗೋಡೆ ದಪ್ಪ. ಪಶು ಆಹಾರದಲ್ಲಿ ಬೆರೆಸಿ ತಿನ್ನಿಸಿದರೆ ನಾಲ್ಕು ಹೊಟ್ಟೆ ದಾಟಿಯೂ ಬದುಕಿ ಸಗಣಿಯಲ್ಲಿ ಬೀಳುತ್ತವೆ, ಅಲ್ಲಿ ಮೊಳೆಯುತ್ತವೆ. ಜಂತುಮರಿ ಹತ್ತಿರ ಹರಿದಾಡಿದ್ದು ಗೊತ್ತಾಗುತ್ತಲೇ ಅಂಟು ಬಲೆ ಹೆಣೆಯುತ್ತವೆ. ಸಿಕ್ಕಿಬಿದ್ದ ಮರಿಯ ಚರ್ಮ ತೂರಿ ಒಳಹೊಕ್ಕು ಅದನ್ನು ತಿಂದು ಮುಗಿಸುತ್ತವೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮೀನಿನ ಬಲೆಯಂತೆಯೇ ಕಾಣುತ್ತದೆ.

ಡೆನ್ಮಾರ್ಕಿನ ವಿಜ್ಞಾನಿಗಳು 1990ರ ದಶಕದಲ್ಲಿ ಮೇಯುವ ಕರುಗಳಿಗೆ ಇದನ್ನು ತಿನ್ನಿಸಿ ನೋಡಿದರು. ಹುಲ್ಲಿನ ಮೇಲಿನ ಮರಿಗಳು ಕಡಿಮೆಯಾದವು. ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಅಮೆರಿಕಗಳಲ್ಲಿ ಈಗ ಬಯೋವರ್ಮಾ ಎಂಬ ಹೆಸರಿನಲ್ಲಿ ಮಾರಾಟಕ್ಕಿದೆ. ರಾಸಿನ ತೂಕದ ಪ್ರತಿ ಕಿಲೋಗೆ ದಿನಕ್ಕೆ 30,000 ಬೀಜಕಣದ ಲೆಕ್ಕ. ಮರಿಗಳು ಹೆಚ್ಚುವ ಕಾಲವಿಡೀ ದಿನಾ ತಿನ್ನಿಸಬೇಕು. ನಿಲ್ಲಿಸಿದ ಕೆಲವೇ ದಿನಗಳಲ್ಲಿ ಬೀಳುವ ಸಗಣಿಗೆ ಕಾವಲಿರುವುದಿಲ್ಲ. ನಮ್ಮ ದೇಶದಲ್ಲೂ ಸಂಶೋಧನೆಗಳು ನಡೆದಿವೆ.

ಹೊಟ್ಟೆಯೊಳಗೆ ಆಗಲೇ ಇರುವ ಹುಳುವನ್ನು ಇದು ಮುಟ್ಟುವುದಿಲ್ಲ. ಗಂಟಲ ಕೆಳಗೆ ನೀರು ತುಂಬಿ ಜೋತುಬಿದ್ದ ಕರುವಿಗೆ ಔಷಧಿಯೇ ಬೇಕು, ಅದೂ ಅದೇ ದಿನ. ಕೆರೆಯಂಚಿನ ಬಸವನಹುಳುವಿನಿಂದ ಬರುವ ಯಕೃತ್ತಿನ ಹುಳು ಈ ಬಲೆಗೆ ಬೀಳುವುದಿಲ್ಲ. ಎಮ್ಮೆ ಕರುಗಳಿಗೆ ತಾಯಿಹಾಲಿನಲ್ಲೇ ಬರುವ ದೊಡ್ಡ ದುಂಡುಹುಳುವಿಗೂ ಇದು ಉತ್ತರವಲ್ಲ, ಹುಟ್ಟಿದ 10-15 ದಿನಕ್ಕೆ ಕೊಡುವ ಮೊದಲ ಔಷಧಿ ತಪ್ಪಿಸಬೇಡಿ.

ಇದನ್ನು ಹೇಳಿದಾಗ ಸಭೆಯಲ್ಲಿ ಬಂದ ಮರುಪ್ರಶ್ನೆ ನನ್ನನ್ನು ಬೆಚ್ಚಿಬೀಳಿಸಿತು. "ಹಂಗಾದ್ರೆ ಬೂಷ್ಟು ಹಿಡಿದ ಹಿಂಡಿ ಹಾಕಿದ್ರೆ ಒಳ್ಳೇದೇ ಅಲ್ವಾ?" ಖಂಡಿತ ಅಲ್ಲ. ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿ, ಮುಸುಕಿನ ಜೋಳದಲ್ಲಿ ಅಫ್ಲಟಾಕ್ಸಿನ್ ಎಂಬ ವಿಷವಿರಬಹುದು. ಅದು ರಾಸಿನ ಯಕೃತ್ತನ್ನು ಕೆಡಿಸುತ್ತದೆ, ಹಾಲಿಗೂ ಇಳಿಯುತ್ತದೆ, ಕಾಯಿಸಿದರೂ ಹೋಗುವುದಿಲ್ಲ. ಆ ಹಾಲನ್ನು ನಿಮ್ಮ ಮಕ್ಕಳೂ ಕುಡಿಯುತ್ತಾರೆ. ಹಾಗೆಯೇ ಟೊಮೆಟೊ, ಅಡಿಕೆ ಬುಡಕ್ಕೆ ಹಾಕುವ ಟ್ರೈಕೋಡರ್ಮಾ ಪುಡಿ ಬೇರೆ ಜಾತಿಯ ಶಿಲೀಂಧ್ರ. ಅದನ್ನು ಬೂಸಕ್ಕೆ ಬೆರೆಸಬೇಡಿ.

ಅಂಗಡಿಗೆ ಬರುವವರೆಗೆ ಏನು ಮಾಡುವುದು? ಶಿಲೀಂಧ್ರ ಮಾಡುವ ಕೆಲಸವನ್ನೇ, ಅಂದರೆ ಸಗಣಿಯಿಂದ ಹುಲ್ಲಿಗೆ ಹೋಗುವ ದಾರಿ ಕಡಿಯುವುದನ್ನು, ನಾವು ಬೇರೆ ರೀತಿಯಲ್ಲಿ ಮಾಡಬಹುದು. ಹಸಿ ಸಗಣಿಯನ್ನು ನೇಪಿಯರ್ ಹುಲ್ಲಿನ ತಾಕಿಗೆ ಹರಡಬೇಡಿ. ತಿಪ್ಪೆಯಲ್ಲಿ ರಾಶಿ ಹಾಕಿ, ಆಗಾಗ ಮಗುಚಿ. ಒಳಗಿನ ಬಿಸಿಗೆ ಮೊಟ್ಟೆ, ಮರಿ ಎರಡೂ ಸಾಯುತ್ತವೆ. ಇಬ್ಬನಿ ಆರುವ ಮೊದಲು ಕರುಗಳನ್ನು ಮೇಯಲು ಬಿಡಬೇಡಿ.

ಮಾತ್ರೆಯ ವಿಷಯದಲ್ಲಿ ನಾನು ಹೆಚ್ಚು ಕಾಣುವ ತಪ್ಪು ಅರ್ಧ ಡೋಸು. ಒಂದೇ ಮಾತ್ರೆಯನ್ನು ಎರಡು ಕರುಗಳಿಗೆ ಹಂಚಿದರೆ ದುರ್ಬಲ ಹುಳು ಸಾಯುತ್ತವೆ, ಗಟ್ಟಿ ಹುಳು ಉಳಿದು ಮರಿ ಮಾಡುತ್ತವೆ. ಕೆಲವು ವರ್ಷಗಳಲ್ಲಿ ಆ ಔಷಧಿ ನಿಮ್ಮ ಕೊಟ್ಟಿಗೆಯಲ್ಲಿ ಕೆಲಸ ಮಾಡುವುದಿಲ್ಲ. ಆ ಹಿರಿಯ ಸದಸ್ಯೆಯ ಮನೆಯಲ್ಲೂ ಹೀಗೇ ಆಗಿತ್ತು ಎಂದು ವಿಚಾರಿಸಿದಾಗ ತಿಳಿಯಿತು. ತೂಕ ನೋಡಿ ಪೂರ್ತಿ ಡೋಸು ಕೊಡಿ. ಹಾಲು ಕೊಡುವ ಹಸುವಿಗಾದರೆ ಎಷ್ಟು ದಿನ ಹಾಲನ್ನು ಸಂಘಕ್ಕೆ ಹಾಕಬಾರದೆಂದು ಮೊದಲೇ ಕೇಳಿ.

ಔಷಧಿ ಹಿಡಿಯಿತೋ ಇಲ್ಲವೋ ತಿಳಿಯಲು ಸಗಣಿ ಪರೀಕ್ಷೆ ಮಾಡಿಸಿ. ಔಷಧಿ ಕೊಡುವ ಮೊದಲು ಒಮ್ಮೆ, 14 ದಿನದ ನಂತರ ಇನ್ನೊಮ್ಮೆ. ಆಗತಾನೇ ಹಾಕಿದ ಸಗಣಿಯ ಮೇಲ್ಭಾಗದಿಂದ, ಮಣ್ಣು ತಾಗದಂತೆ, ಒಂದು ನಿಂಬೆಹಣ್ಣಿನಷ್ಟು ತೆಗೆದು ಶುಚಿಯಾದ ಡಬ್ಬಿಗೆ ಹಾಕಿ. ಮೇಲೆ ಕರುವಿನ ಕಿವಿಯೋಲೆ ಸಂಖ್ಯೆ ಬರೆದು, ಬಿಸಿಲಿಗೆ ಇಡದೆ, ಅಂದೇ ಹತ್ತಿರದ ಪಶು ಆಸ್ಪತ್ರೆಗೆ ತಲುಪಿಸಿ.