ಟ್ಯೂಬಿನ ತಳ ಕಪ್ಪಾದಾಗ: ಲ್ಯಾಬಿಗೆ ಹೊಸಬರಾದವರಿಗೆ ಕಿವಿಮಾತು

ಮಕ್ಕಳೇ, ಮೂತ್ರದ ಕಲ್ಚರ್ ನೋಡುವ ಬೆಂಚು ಈಗ ನಿಮ್ಮ ಕೈಗೆ ಬಂದಿದೆ. ಟಿಎಸ್‌ಐ (ಟ್ರಿಪಲ್ ಶುಗರ್ ಐರನ್ ಅಗಾರ್) ಟ್ಯೂಬಿನ ತಳ ಕಪ್ಪಾಗುವುದನ್ನು ಇಲ್ಲಿ ಮತ್ತೆ ಮತ್ತೆ ಕಾಣುತ್ತೀರಿ. ಬ್ಯಾಕ್ಟೀರಿಯಾ ಹೈಡ್ರೋಜನ್ ಸಲ್ಫೈಡ್ ಬಿಟ್ಟಿದೆ ಎಂಬುದಷ್ಟೇ ಆ ಕಪ್ಪಿನ ಮಾತು. ಉಳಿದದ್ದನ್ನು ನೀವೇ ಕೇಳಿ ತಿಳಿಯಬೇಕು.

• ಮೂತ್ರ ಹಿಡಿದ ಎರಡು ಗಂಟೆಯೊಳಗೆ ಪ್ಲೇಟಿಗೆ ಹಾಕಿ. ಆಗದಿದ್ದರೆ 4 ಡಿಗ್ರಿಯ ಫ್ರಿಜ್ಜಿನಲ್ಲಿಡಿ. ಮೇಜಿನ ಮೇಲೆ ಮರೆತ ಡಬ್ಬಿಯಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತಲೇ ಇರುತ್ತವೆ. ಆಮೇಲಿನ ಎಣಿಕೆಯನ್ನು ನಂಬುವಂತಿಲ್ಲ.

• ಪ್ಲೇಟನ್ನು ಮೂಸಬೇಡಿ. ಕೊಳೆತ ಮೊಟ್ಟೆಯ ವಾಸನೆ ಹೈಡ್ರೋಜನ್ ಸಲ್ಫೈಡಿನದ್ದೇ ನಿಜ, ಆದರೆ ಸೋಂಕನ್ನು ಮೂಗಿಗೆ ಆಹ್ವಾನಿಸುವುದು ಬೇಡ. ರೋಗಿಯ ಮೂತ್ರ ಘಾಟು ಹೊಡೆಯುತ್ತಿದ್ದರೆ ಅದು ಹೆಚ್ಚಾಗಿ ಅಮೋನಿಯಾ.

• ಟಿಎಸ್‌ಐಗೆ ಒಂದೇ ಒಂದು ಕಾಲೊನಿ, ನೇರ ಸೂಜಿ. ಲೂಪಿನಿಂದ ಚುಚ್ಚಿದರೆ ಅಗಾರ್ ಸೀಳಿ, ಅನಿಲ ಬಂದಂತೆ ಕಾಣುತ್ತದೆ. ಮುಚ್ಚಳ ಸಡಿಲವಿರಲಿ.

• 18 ಗಂಟೆಗೆ ಮೊದಲೂ ಓದಬೇಡಿ, 24 ದಾಟಿದ ಮೇಲೂ ಓದಬೇಡಿ. ಸಕ್ಕರೆ ಮುಗಿದ ಮೇಲೆ ಬ್ಯಾಕ್ಟೀರಿಯಾ ಪೆಪ್ಟೋನಿಗೆ ಕೈಹಾಕುತ್ತವೆ, ಆಮ್ಲದಿಂದ ಹಳದಿಯಾದದ್ದು ಮತ್ತೆ ಕೆಂಪಾಗುತ್ತದೆ.

• ಮಾಧ್ಯಮದಲ್ಲಿರುವ ಥಯೋಸಲ್ಫೇಟಿನಿಂದ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ. ಅದು ಕಬ್ಬಿಣದ ಜೊತೆ ಸೇರಿ ಕಪ್ಪು ಫೆರಸ್ ಸಲ್ಫೈಡ್ ಆಗುತ್ತದೆ. ಇದಕ್ಕೆ ಆಮ್ಲ ಬೇಕು. ಆದ್ದರಿಂದ ಕಪ್ಪು ಹಳದಿಯನ್ನು ಪೂರ್ತಿ ನುಂಗಿದ್ದರೂ ತಳ ಆಮ್ಲೀಯವೆಂದೇ ಬರೆಯಿರಿ.

• ಕಪ್ಪು ಕಂಡ ಕೂಡಲೇ ‘ಪ್ರೋಟಿಯಸ್’ ಎಂದು ಬರೆದುಬಿಡುವ ಆತುರ ಎಲ್ಲರಿಗೂ ಇರುತ್ತದೆ. ತಡೆಯಿರಿ. ಮೇಲೆ ಕೆಂಪು, ಕೆಳಗೆ ಕಪ್ಪು ಇದ್ದರೆ ಪ್ರೋಟಿಯಸ್ ಮಿರಾಬಿಲಿಸ್ ಇರಬಹುದು, ಸಾಲ್ಮೊನೆಲ್ಲಾ ಕೂಡ ಇರಬಹುದು; ಲ್ಯಾಕ್ಟೋಸನ್ನು ನಿಧಾನವಾಗಿ ಬಳಸುವ ಸಿಟ್ರೊಬ್ಯಾಕ್ಟರ್ ಫ್ರಾಯಂಡಿಯೂ ಹಾಗೇ ಕಾಣುತ್ತದೆ. ಯೂರಿಯೇಸ್ ಪರೀಕ್ಷೆ ಹಾಕಿ: ಪ್ರೋಟಿಯಸ್ ಕೆಲವೇ ಗಂಟೆಗಳಲ್ಲಿ ಗಾಢ ಗುಲಾಬಿ ಮಾಡುತ್ತದೆ, ಸಾಲ್ಮೊನೆಲ್ಲಾ ಮಾಡುವುದಿಲ್ಲ. ಫಿನೈಲ್‌ಅಲನಿನ್ ಪರೀಕ್ಷೆಯನ್ನೂ ಜೊತೆಗಿಡಿ. ಮಿರಾಬಿಲಿಸ್‌ನಲ್ಲಿ ಇಂಡೋಲ್ ಇಲ್ಲ, ವಲ್ಗಾರಿಸ್‌ನಲ್ಲಿ ಇದೆ. ಟೈಫಾಯ್ಡ್ ರೋಗಿಯ ಮೂತ್ರದಲ್ಲಿ ಸಾಲ್ಮೊನೆಲ್ಲಾ ಟೈಫಿ ಬರುವುದುಂಟು. ಅದು ಚುಚ್ಚಿದ ಜಾಗದಲ್ಲಿ ಮೀಸೆಯಷ್ಟು ಕಪ್ಪನ್ನು ಮಾತ್ರ ಬಿಡುತ್ತದೆ. ಆ ತೆಳು ಗೆರೆ ಕಣ್ತಪ್ಪಿದರೆ ಒಂದು ಇಡೀ ಮನೆಗೆ ಅಪಾಯ.

• ಕಪ್ಪಾಗಲಿಲ್ಲವೆಂದರೆ ಹೈಡ್ರೋಜನ್ ಸಲ್ಫೈಡ್ ಇಲ್ಲವೇ ಇಲ್ಲವೆಂದಲ್ಲ. ಟಿಎಸ್‌ಐನಲ್ಲಿ ನೆಗೆಟಿವ್ ಬರುವ ಇ. ಕೊಲೈ ಕೂಡ ಸಿಸ್ಟೀನಿನಿಂದ ಒಂದಿಷ್ಟು ತಯಾರಿಸುತ್ತದೆ. ಸೂಕ್ಷ್ಮವಾದ ಲೆಡ್ ಅಸಿಟೇಟ್ ಕಾಗದ ಅದನ್ನು ಹಿಡಿಯಬಲ್ಲದು. ಈ ಅನಿಲ ಹಲವು ಬ್ಯಾಕ್ಟೀರಿಯಾಗಳನ್ನು ಆ್ಯಂಟಿಬಯಾಟಿಕ್‌ಗಳಿಂದ ಕಾಪಾಡುತ್ತದೆಂದು 2011ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಸಂಶೋಧನೆ ತೋರಿಸಿತು. ನಾವು ಬರೀ ಗುರುತಿನ ಚೀಟಿಯೆಂದುಕೊಂಡದ್ದು ಅವುಗಳ ಗುರಾಣಿಯೂ ಹೌದು; ನನಗೆ ಇದು ಈಗಲೂ ಬೆರಗಿನ ಸಂಗತಿ.

• ಪ್ರೋಟಿಯಸ್ ಬ್ಲಡ್ ಅಗಾರಿನ ಮೇಲೆ ಅಲೆಅಲೆಯಾಗಿ ಹರಡಿ ಪಕ್ಕದ ಕಾಲೊನಿಗಳನ್ನು ಮುಚ್ಚಿಬಿಡುತ್ತದೆ. ಕ್ಲೆಡ್ ಅಗಾರಿನಲ್ಲಿ ಆ ಹರಡುವಿಕೆ ತಗ್ಗುತ್ತದೆ. ಶುದ್ಧ ಕಲ್ಚರ್ ಸಿಕ್ಕಿತೆಂದು ಖಾತ್ರಿಯಾಗದೆ ಮುಂದಿನ ಪರೀಕ್ಷೆಗೆ ಹೋಗಬೇಡಿ.

• ಪ್ರೋಟಿಯಸ್ ಖಚಿತವಾಯಿತೋ, ರೋಗಿಗೆ ಕ್ಯಾಥೆಟರ್ ಇದೆಯೇ ಎಂದು ವಾರ್ಡಿಗೆ ಫೋನ್ ಮಾಡಿ ಕೇಳಿ. ಅದರ ಯೂರಿಯೇಸ್ ಮೂತ್ರವನ್ನು ಕ್ಷಾರೀಯ ಮಾಡುತ್ತದೆ, ಸ್ಟ್ರುವೈಟ್ ಹರಳು ಕಟ್ಟುತ್ತದೆ, ನಳಿಕೆ ಮುಚ್ಚಿಕೊಳ್ಳುತ್ತದೆ, ಮೂತ್ರಪಿಂಡದಲ್ಲಿ ಕಲ್ಲು ಬೆಳೆಯುತ್ತದೆ. ನೈಟ್ರೊಫ್ಯುರಾಂಟೊಯಿನ್ ಪ್ರೋಟಿಯಸ್‌ಗೆ ನಾಟುವುದಿಲ್ಲ, ಹುಟ್ಟಾ ನಿರೋಧಕ. ಡಿಸ್ಕಿನ ಸುತ್ತ ಎಷ್ಟೇ ದೊಡ್ಡ ವಲಯ ಕಂಡರೂ ವರದಿಯಲ್ಲಿ ‘ಸೆನ್ಸಿಟಿವ್’ ಎಂದು ಬರೆಯದೆ, ಪ್ಲೇಟನ್ನೂ ಗುರುತನ್ನೂ ಮೊದಲಿನಿಂದ ಮತ್ತೊಮ್ಮೆ ಪರೀಕ್ಷಿಸಿ.