ಪುರುಷರಿಗಾಗಿ ಸಂತತಿ ನಿಯಂತ್ರಣ: ಸಂಶೋಧನೆಯ ಹಾದಿ

ಸಂತತಿ ನಿಯಂತ್ರಣವು ನಮ್ಮ ನಾಡಿಗೆ ಹೊಸ ಮಾತಲ್ಲ. 1930ರಷ್ಟು ಹಿಂದೆಯೇ ಮೈಸೂರು ಸಂಸ್ಥಾನದ ಸರಕಾರವು ಇದಕ್ಕಾಗಿ ಚಿಕಿತ್ಸಾಲಯಗಳನ್ನು ತೆರೆಯಲು ಅಪ್ಪಣೆ ಕೊಟ್ಟಿತ್ತು. ಆದರೆ ಅಂದಿನಿಂದ ಇಂದಿನವರೆಗೆ ಈ ಹೊರೆಯನ್ನು ಹೊತ್ತವರು ಯಾರು? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ಭಾರತದ ವಿವಾಹಿತ ಸ್ತ್ರೀಯರಲ್ಲಿ ಶೇಕಡಾ 37.9 ಮಂದಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದರು. ಗಂಡನೇ ಮಾಡಿಸಿಕೊಂಡ ದಂಪತಿಗಳು ಶೇಕಡಾ 0.3 ಮಾತ್ರ. ನಮ್ಮ ಹಳ್ಳಿಯಲ್ಲಿ ‘ಆಪರೇಷನ್’ ಎಂದರೆ ಹೆಂಗಸರದ್ದು ಎಂದೇ ಅರ್ಥ. ನನ್ನ ತಾಯಿಯೂ ಮಾಡಿಸಿಕೊಂಡವಳೇ. ತಂದೆಗೆ ಆ ಮಾತನ್ನು ಯಾರೂ ಕೇಳಲಿಲ್ಲ.

ಪುರುಷರಿಗೆ ಇರುವ ಸಾಧನಗಳು ಮುಖ್ಯವಾಗಿ ಎರಡು: ನಿರೋಧ್ ಮತ್ತು ಶಸ್ತ್ರಚಿಕಿತ್ಸೆ. ಮೊದಲನೆಯದಕ್ಕೆ ಪ್ರತಿ ಸಲವೂ ಎಚ್ಚರ ಬೇಕು. ಎರಡನೆಯದು ಶಾಶ್ವತವೆಂದೇ ತಿಳಿದು ಮಾಡಿಸಿಕೊಳ್ಳತಕ್ಕದ್ದು. ಮೂರನೆಯದೊಂದು ದೊರೆಯದಿರಲು ಶರೀರಧರ್ಮವೂ ಒಂದು ಕಾರಣ. ಸ್ತ್ರೀಯಲ್ಲಿ ತಿಂಗಳಿಗೆ ಸಾಮಾನ್ಯವಾಗಿ ಒಂದೇ ಅಂಡವು ಪಕ್ವವಾಗುತ್ತದೆ. ಪುರುಷನಲ್ಲಿ ಕ್ಷಣವೊಂದಕ್ಕೆ ಸಾವಿರಕ್ಕೂ ಮಿಕ್ಕಿ ವೀರ್ಯಾಣುಗಳು ಹುಟ್ಟುತ್ತವೆ.

ಈ ಪ್ರವಾಹವನ್ನು ದಾರಿಯಲ್ಲಿಯೇ ತಡೆಯುವುದು ಒಂದು ಮಾರ್ಗ. ಖರಗ್‌ಪುರದ ಐ.ಐ.ಟಿ.ಯ ಪ್ರಾಧ್ಯಾಪಕ ಸುಜಯ್ ಗುಹಾ ಅವರು 1970ರ ದಶಕದಲ್ಲಿ ಆರಂಭಿಸಿದ ‘ರಿಸುಗ್’ ಎಂಬ ವಿಧಾನವು ಈ ಬಗೆಯದು. ಇದರಲ್ಲಿ ವೀರ್ಯನಾಳದೊಳಕ್ಕೆ ಒಂದು ಪಾಲಿಮರನ್ನು ಸೂಜಿಯಿಂದ ಸೇರಿಸುತ್ತಾರೆ. ಅದು ನಾಳದ ಒಳಮೈಗೆ ಅಂಟಿಕೊಂಡು, ಹಾದುಹೋಗುವ ವೀರ್ಯಾಣುಗಳನ್ನು ನಿಷ್ಫಲಗೊಳಿಸುತ್ತದೆ. 303 ಮಂದಿ ವಿವಾಹಿತ ಪುರುಷರ ಮೇಲೆ ನಡೆದ ಮೂರನೆಯ ಹಂತದ ಪರೀಕ್ಷೆಯ ವರದಿ 2023ರಲ್ಲಿ ಪ್ರಕಟವಾಯಿತು. ಗರ್ಭವನ್ನು ತಡೆಯುವುದರಲ್ಲಿ ಶೇಕಡಾ 99ರಷ್ಟು ಯಶಸ್ಸು ಕಂಡುಬಂದಿತು. ಪಾಲಿಮರನ್ನು ಕರಗಿಸಿ ಫಲವಂತಿಕೆಯನ್ನು ಮರಳಿ ತರಬಹುದೆಂದು ಪ್ರಾಣಿಗಳಲ್ಲಿ ತೋರಿಸಲಾಗಿದೆ. ಮನುಷ್ಯರಲ್ಲಿ ಅದನ್ನು ಸಿದ್ಧಪಡಿಸುವ ಕೆಲಸ ಉಳಿದಿದೆ.

ಇನ್ನೊಂದು ಮಾರ್ಗ ಹಾರ್ಮೋನುಗಳದು. ಹೊರಗಿನಿಂದ ಹಾರ್ಮೋನು ಕೊಟ್ಟರೆ, ವೃಷಣಕ್ಕೆ ಮೆದುಳಿನ ಕಡೆಯಿಂದ ಬರುವ ಪ್ರಚೋದನೆ ತಗ್ಗಿ ವೀರ್ಯಾಣುಗಳ ಉತ್ಪತ್ತಿ ಕುಗ್ಗುತ್ತದೆ. ಎಂಟು ವಾರಗಳಿಗೊಮ್ಮೆ ಚುಚ್ಚುಮದ್ದು ಕೊಟ್ಟು 320 ಪುರುಷರಲ್ಲಿ ಹಲವು ದೇಶಗಳಲ್ಲಿ ನಡೆಸಿದ ಪರೀಕ್ಷೆಯೊಂದು 2016ರಲ್ಲಿ ವರದಿಯಾಯಿತು. ಮದ್ದು ಫಲ ಕೊಟ್ಟಿತ್ತು. ಆದರೆ ಕೆಲವರಲ್ಲಿ ಖಿನ್ನತೆ ಮೊದಲಾದ ತೊಂದರೆಗಳು ಕಂಡುಬಂದುದರಿಂದ 2011ರಲ್ಲಿಯೇ ಅದನ್ನು ನಿಲ್ಲಿಸಲಾಗಿತ್ತು. ಹೀಗಿದ್ದರೂ ಭಾಗವಹಿಸಿದವರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಮಂದಿ ಆ ಮದ್ದನ್ನು ಬಳಸಲು ಸಿದ್ಧರೆಂದು ಹೇಳಿದ್ದರು!

ಇಲ್ಲಿ ವಿಚಾರ ಮಾಡಬೇಕಾದ ಸಂಗತಿಯೊಂದಿದೆ. 1960ರಲ್ಲಿ ಅಮೆರಿಕದಲ್ಲಿ ಮಾನ್ಯತೆ ಪಡೆದ ಸ್ತ್ರೀಯರ ಗುಳಿಗೆಗೂ ಅಡ್ಡಪರಿಣಾಮಗಳಿವೆ. ಗರ್ಭಧಾರಣೆಯ ಅಪಾಯದೊಡನೆ ತೂಗಿದಾಗ ಅವು ಸಹ್ಯವೆನಿಸುತ್ತವೆ. ಪುರುಷನಾದರೋ ಗರ್ಭ ಧರಿಸುವವನಲ್ಲ. ಆದುದರಿಂದ ಅವನ ತಕ್ಕಡಿಯಲ್ಲಿ ಸಣ್ಣ ತೊಂದರೆಯೂ ಭಾರವಾಗುತ್ತದೆ. ಇದು ವೈದ್ಯಶಾಸ್ತ್ರದ ನ್ಯಾಯವಾದ ಎಚ್ಚರಿಕೆಯೇ ಸರಿ. ಆದರೆ ಸಂಸಾರವು ಇಬ್ಬರದೆಂದ ಮೇಲೆ ತಕ್ಕಡಿಯೂ ಇಬ್ಬರನ್ನೂ ಸೇರಿಸಿ ತೂಗಬೇಡವೆ?

ಮಿತ್ರರೇ, ಹೊಸ ಮದ್ದು ಬರುವವರೆಗೆ ನಾವು ಕಾಯಬೇಕಾಗಿಲ್ಲ. ಪುರುಷರ ಶಸ್ತ್ರಚಿಕಿತ್ಸೆಯು ಸ್ತ್ರೀಯರದಕ್ಕಿಂತ ಸರಳ. ಅದರಿಂದ ಪುರುಷತ್ವ ಕುಂದುವುದಿಲ್ಲ. ಇಷ್ಟನ್ನಾದರೂ ಕಲಿತವರಾದ ನಾವು ನಮ್ಮ ನಮ್ಮ ಮನೆಗಳಲ್ಲಿ ಸಂಕೋಚವಿಲ್ಲದೆ ತಿಳಿಸಿಹೇಳೋಣ.